ಪೊಸಡಿ ಗುಂಪೆಯಲ್ಲಿ ಪಡುಗಾಳಿಗೆ ಕಾದು

ಕಾಸರಗೋಡು ಜಿಲ್ಲೆಯ ಬಂದ್ಯೋಡಿನಲ್ಲಿ ಹೈವೇ ಬಿಟ್ಟು ಪೆರ್ಮುದೆ, ಧರ್ಮತ್ತಡ್ಕದ ಕಡೆ ತಿರುಗಿದರೆ ರಸ್ತೆ ಹತ್ತುತ್ತಾ ಇಳಿಯುತ್ತಾ ಹೋಗುತ್ತದೆ. ತಗ್ಗಿನಲ್ಲಿ ಅಡಿಕೆ ತೋಟ, ಎತ್ತರದಲ್ಲಿ ಮುರಕಲ್ಲಿನ ಬೋಳು ಪದವು. ಡಿಸೆಂಬರ್ ಆದ್ದರಿಂದ ಅಂಗಳಗಳಲ್ಲೆಲ್ಲ ಅಡಿಕೆ ಒಣಗುತ್ತಿತ್ತು. ಧರ್ಮತ್ತಡ್ಕದ ಹತ್ತಿರ ನನ್ನ ಹೆಂಡತಿಯ ಅಣ್ಣನ ಮನೆ. ನಾನು ಹೊತ್ತು ತಂದ ಉದ್ದನೆಯ ರಟ್ಟಿನ ಪೆಟ್ಟಿಗೆ ನೋಡಿದ್ದೇ ಕೇಳಿದರು, "ಇದೆಂತ ಭಾವ, ಡ್ರೋನಾ?"

ಡ್ರೋನ್ ಅಲ್ಲ, ಗ್ಲೈಡರ್. ಮೋಟಾರಿಲ್ಲ, ಫ್ಯಾನಿಲ್ಲ, ಬಾಲವೂ ಇಲ್ಲ. ಇಡೀ ವಿಮಾನವೇ ಒಂದು ರೆಕ್ಕೆ. ಇಪಿಪಿ ಅನ್ನುವ ಫೋಮ್‌ನಲ್ಲಿ ಮಾಡಿದ್ದು. ಈ ಫೋಮ್ ಥರ್ಮೋಕೋಲಿನ ಹಾಗೆ ಪುಡಿಯಾಗುವುದಿಲ್ಲ, ಒತ್ತಿದರೆ ತಗ್ಗಿ ಮತ್ತೆ ಉಬ್ಬುತ್ತದೆ. ಒಳಗೆ ರಿಮೋಟಿನ ಸಂಕೇತ ಹಿಡಿಯುವ ಒಂದು ರಿಸೀವರ್, ಎರಡು ಸರ್ವೊ, ನಾಲ್ಕು ಸೆಲ್. ಹಿಂದಿನ ಅಂಚಿನಲ್ಲಿ ಆ ಸರ್ವೊಗಳು ಅಲ್ಲಾಡಿಸುವ ಎರಡು ಪಟ್ಟಿ. ಎರಡೂ ಒಟ್ಟಿಗೆ ಮೇಲೆದ್ದರೆ ಮೂತಿ ಏಳುತ್ತದೆ. ಒಂದು ಮೇಲೆ, ಒಂದು ಕೆಳಗೆ ಆದರೆ ವಾಲಿ ತಿರುಗುತ್ತದೆ. ತೂಕ ಅರ್ಧ ಕಿಲೋ ಇರಬಹುದು.

"ಮೋಟಾರಿಲ್ಲದಿದ್ರೆ ಬೀಳುದಿಲ್ವಾ ಮಾವ?" ಅಂದಳು ಭಾವನ ಮಗಳು. ಎಂಟನೇ ಕ್ಲಾಸು, ಪ್ರಶ್ನೆ ಜಾಸ್ತಿ.

ಬೀಳುತ್ತದೆ. ಗ್ಲೈಡರ್ ಯಾವಾಗಲೂ ಇಳಿಯುತ್ತಲೇ ಇರುತ್ತದೆ, ಸೆಕೆಂಡಿಗೆ ಅರ್ಧ ಮೀಟರೋ ಒಂದು ಮೀಟರೋ. ಆದರೆ ಗುಡ್ಡಕ್ಕೆ ಎದುರಾಗಿ ಬಂದ ಗಾಳಿ ಎಲ್ಲಿಗೆ ಹೋಗಬೇಕು? ಇಳಿಜಾರು ಹಿಡಿದು ಮೇಲೆ ಹತ್ತಲೇಬೇಕು. ಗಂಟೆಗೆ 20 ಕಿ.ಮೀ. ಗಾಳಿ ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಅದರಲ್ಲಿ ಮೂರರಲ್ಲೊಂದು ಪಾಲು ಮೇಲಕ್ಕೆ ಹೋದರೂ ಸಾಕು. ವಿಮಾನ ಇಳಿಯುವುದಕ್ಕಿಂತ ಗಾಳಿ ಏರುವುದೇ ಜೋರು. ಬ್ಯಾಟರಿ ಬೇಕಾಗುವುದು ಪಟ್ಟಿ ಅಲ್ಲಾಡಿಸಲು ಮಾತ್ರ, ಹಾರಲು ಅಲ್ಲ.

ಹಾಗಾಗಿ ಪೊಸಡಿ ಗುಂಪೆ. ಕುಂಬಳೆಯಿಂದ 18 ಕಿ.ಮೀ., ಎತ್ತರ 1060 ಅಡಿ. ಘಟ್ಟದವರಿಗೆ ಇದು ಗುಡ್ಡವೇ ಅಲ್ಲ. ಆದರೆ ನೆತ್ತಿ ಬೋಳು, ಮುಳಿಹುಲ್ಲು ಬಿಟ್ಟರೆ ಅಲ್ಲಲ್ಲಿ ಕೇಪುಳದ ಪೊದೆ ಅಷ್ಟೇ, ಪಡುವಣಕ್ಕೆ ಸಮುದ್ರದವರೆಗೂ ಗಾಳಿಗೆ ದೊಡ್ಡ ಅಡ್ಡಿ ಇಲ್ಲ. ನಮ್ಮ ಹುಚ್ಚಿಗೆ ಎತ್ತರಕ್ಕಿಂತ ಇದೇ ಮುಖ್ಯ.

ಬೆಳಿಗ್ಗೆಯೇ ಹತ್ತಿದೆವು. ಆಗ ಗಾಳಿ ಮೂಡಣದ್ದು, ನಮ್ಮ ಬೆನ್ನಿಗೆ. ರಾತ್ರಿ ತಣ್ಣಗಾದ ನೆಲದಿಂದ ಸಮುದ್ರದ ಕಡೆ ಹರಿಯುವ ಗಾಳಿ ಅದು. ಅಂಥ ಹೊತ್ತಿನಲ್ಲಿ ಪಡುವಣ ಅಂಚಿನಿಂದ ಎಸೆದರೆ ಗ್ಲೈಡರ್ ಸೀದಾ ಕೆಳಗಿನ ತೋಟಕ್ಕೆ. ಒಂದು ಕೋಲಿಗೆ ಕೆಂಪು ರಿಬ್ಬನ್ ಕಟ್ಟಿ ಹುಲ್ಲಿನ ನಡುವೆ ನೆಟ್ಟು ಕುಳಿತೆವು. ಹನ್ನೊಂದರ ಮೇಲೆ ರಿಬ್ಬನ್ ಕೋಲಿಗೇ ಅಂಟಿಕೊಂಡಿತು. ಒಂದು ಚೂರು ಗಾಳಿಯಿಲ್ಲ. ಬಿಸಿಲು ಮಾತ್ರ ಧಾರಾಳ. ಈಶಾನ್ಯದಲ್ಲಿ ಕುದುರೆಮುಖದ ಸಾಲು ಮಸುಕಾಗಿ ಕಾಣುತ್ತಿತ್ತು. ಭಾವ ಬಾಟಲಿಯಲ್ಲಿ ತಂದ ಪುನರ್ಪುಳಿ ಶರಬತ್ತು ಅಲ್ಲೇ ಖಾಲಿ.

ಕಾಯುವಾಗ ಹೇಳಲಿಕ್ಕೆ ನನ್ನ ಹತ್ತಿರ ಕಥೆಗಳಿಗೆ ಬರವಿಲ್ಲ. ಒಟ್ಟೊ ಲಿಲಿಯೆಂಟಾಲ್ ಅನ್ನುವ ಜರ್ಮನ್ 1894ರಲ್ಲಿ ಬರ್ಲಿನ್ ಹತ್ತಿರ 15 ಮೀಟರ್ ಎತ್ತರದ ಗುಡ್ಡವನ್ನು ಮಣ್ಣು ಹಾಕಿಸಿ ಕಟ್ಟಿಸಿದ್ದ, ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಎದುರಾಗಿ ಓಡಿ ಹಾರಲಿ ಅಂತ. ನಮಗೆ ಗುಡ್ಡ ಪುಕ್ಕಟೆ ಸಿಕ್ಕಿದೆ, ಗಾಳಿ ಬರಬೇಕು ಅಷ್ಟೇ. ಈ ಆಟಕ್ಕೆ ಅಂತರರಾಷ್ಟ್ರೀಯ ಸ್ಪರ್ಧೆಯೂ ಉಂಟು, ಎಫ್3ಎಫ್ ಅಂತ. ಗುಡ್ಡದ ಅಂಚಿನಲ್ಲಿ 100 ಮೀಟರ್ ದೂರವನ್ನು ಹತ್ತು ಸಲ ಯಾರು ಬೇಗ ಮುಗಿಸುತ್ತಾರೆ ಅನ್ನುವ ಲೆಕ್ಕ. ಇನ್ನು ಕೆಲವರು ಗುಡ್ಡದ ಹಿಂಬದಿಗೇ ಹೋಗುತ್ತಾರೆ. ಅಲ್ಲಿ ಕೆಳಗೆ ಗಾಳಿ ಸತ್ತಿರುತ್ತದೆ, ಮೇಲೆ ಜೋರಾಗಿರುತ್ತದೆ. ಆ ಗಡಿಯನ್ನು ಸುತ್ತು ಸುತ್ತಾಗಿ ದಾಟಿದರೆ ಪ್ರತಿ ಸುತ್ತಿಗೂ ವೇಗ ಏರುತ್ತದೆ. 2021ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಪೆನ್ಸರ್ ಲಿಸೆನ್‌ಬಿ ಹೀಗೆ ಗಂಟೆಗೆ 882 ಕಿ.ಮೀ. ಮುಟ್ಟಿಸಿದರು, ಮೋಟಾರಿಲ್ಲದ ವಿಮಾನದಲ್ಲಿ! ಕೇಳಲು ಚಂದ. ಜನ ಸೆಲ್ಫಿ ತೆಗೆಯುತ್ತಾ ಓಡಾಡುವ ಗುಡ್ಡದಲ್ಲಿ ಆ ಸಾಹಸ ಯಾರೂ ಮಾಡಬಾರದು.

"ಇದರಲ್ಲಿ ಅಡಿಕೆಗೆ ಮದ್ದು ಬಿಡ್ಲಿಕ್ಕೆ ಆಗ್ತದಾ?" ಅಂತ ಭಾವ ನಡುವೆ ಕೇಳಿದರು. ಆಗುವುದಿಲ್ಲ ಅಂದೆ. "ಮತ್ತೆಂತಕ್ಕೆ ಮಾರಾಯ್ರೆ" ಅಂತ ಟವೆಲ್ ಮುಖಕ್ಕೆ ಹಾಕಿ ಮಲಗಿದರು.

ಮಧ್ಯಾಹ್ನ ಒಂದೂವರೆ ದಾಟಿರಬೇಕು. ಮೊದಲು ಅಲುಗಾಡಿದ್ದು ಕೆಳಗಿನ ತೆಂಗಿನ ಗರಿಗಳು. ಆಮೇಲೆ ಹುಲ್ಲು. ರಿಬ್ಬನ್ ಒಮ್ಮೆ ಎದ್ದು, ಬಿದ್ದು, ಮತ್ತೆ ಎದ್ದು ಮೂಡಣಕ್ಕೆ ನೆಟ್ಟಗೆ ಚಾಚಿತು. ಕಡಲಗಾಳಿ ಬಂತು! ಬಿಸಿಲಿಗೆ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಏಳುತ್ತದೆ. ಆ ಜಾಗಕ್ಕೆ ಸಮುದ್ರದ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಕರಾವಳಿಯ ಅಂಚಿಗೆ ಮೊದಲು, ಒಳಗಿನ ಗುಡ್ಡಗಳಿಗೆ ತಡವಾಗಿ.

ಗುಡ್ಡದ ಅಂಚಿಗೆ ಹೋಗಿ ನಿಂತೆ. ಗಾಳಿ ಎದೆಗಲ್ಲ, ಗದ್ದಕ್ಕೆ ಕೆಳಗಿನಿಂದ ಬಡಿಯುತ್ತಿತ್ತು. ಅದು ಒಳ್ಳೆಯ ಗುರುತು. ಪಟ್ಟಿಗಳನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿ, ಮೂತಿ ಸ್ವಲ್ಪ ತಗ್ಗಿಸಿ ಗಾಳಿಗೆ ಎದುರಾಗಿ ತಳ್ಳಿದೆ. ಎರಡಾಳು ಆಳಕ್ಕೆ ಇಳಿಯಿತು. ಭಾವನ ಮಗಳು "ಅಯ್ಯೋ" ಅನ್ನುವಷ್ಟರಲ್ಲಿ ಅಲ್ಲೇ ತಡೆದು ನಿಂತು ಮೆಲ್ಲ ಮೇಲೆ ಬಂತು. ನಮ್ಮ ತಲೆಗಿಂತ ಮೇಲೆ, ಇನ್ನೂ ಮೇಲೆ. ಫೋಮಿನ ಮೇಲೆ ಗಾಳಿ ಹೋಗುವ ಸುಯ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಂಚಿಗೆ ಸಮಾನಾಂತರವಾಗಿ ಉತ್ತರಕ್ಕೆ, ತಿರುಗಿ ದಕ್ಷಿಣಕ್ಕೆ. ತಿರುಗಿಸುವಾಗೆಲ್ಲ ಗುಡ್ಡದಿಂದ ಹೊರಗೆ, ಸಮುದ್ರದ ಕಡೆಗೇ ತಿರುಗಿಸಬೇಕು. ಗುಡ್ಡದ ಕಡೆ ತಿರುಗಿದರೆ ಬೆನ್ನಿಗೆ ಗಾಳಿ ಬಿದ್ದು ಕ್ಷಣದಲ್ಲಿ ಹಿಂದಕ್ಕೆ ಹೋಗಿಬಿಡುತ್ತದೆ.

ಸ್ವಲ್ಪ ಹೊತ್ತಿಗೆ ಒಂದು ಗರುಡ ಬಂತು, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ಗ್ಲೈಡರಿಗಿಂತ ಮೇಲೆ, ಅದೇ ಏರುಗಾಳಿಯಲ್ಲಿ. ಹಕ್ಕಿ ಎಲ್ಲಿ ರೆಕ್ಕೆ ಬಡಿಯದೆ ಏರುತ್ತದೋ ಅಲ್ಲಿಗೇ ವಿಮಾನ ಕೊಂಡುಹೋಗುವುದು ನಮ್ಮವರ ಹಳೇ ಉಪಾಯ. ಆದರೆ ತೀರಾ ಹತ್ತಿರ ಹೋಗಬಾರದು, ಉಗುರು ಹಾಕುತ್ತದೆ.

ಮದ್ದು ಬಿಡಲಾಗದ ವಿಮಾನದ ರಿಮೋಟು ಅಷ್ಟರಲ್ಲಿ ಭಾವನ ಕೈಗೆ ಹೋಗಿತ್ತು. "ಸಾಕಾ ಭಾವ?" ಅಂದರೆ "ಒಂದ್ನಿಮಿಷ ನಿಲ್ಲಿ ಭಾವ" ಅನ್ನುತ್ತಾ ಅರ್ಧ ಗಂಟೆ ಹಾರಿಸಿದರು. ಮಗಳಿಗೆ ಸಿಕ್ಕಿದ್ದು ಅದರಲ್ಲಿ ಉಳಿದದ್ದು.

ಹಾರಿಸುವುದು ಸುಲಭ, ಇಳಿಸುವುದು ಕಷ್ಟ. ಅಂಚಿನ ಹಿಂದೆ ಗಾಳಿ ಮಗುಚಿ ಸುಳಿ ಸುತ್ತುತ್ತದೆ. ಅಲ್ಲಿಗೆ ತಂದರೆ ಯಾವ ಪಟ್ಟಿ ಎಳೆದರೂ ಮಾತು ಕೇಳುವುದಿಲ್ಲ. ನೆಲವೋ ಮುರಕಲ್ಲು, ತೂತು ತೂತು, ಉಪ್ಪುಕಾಗದದಷ್ಟು ಒರಟು. ನಾನು ಅಂಚಿನ ಬದಿಯಲ್ಲಿ, ಗಾಳಿ ಓರೆಯಾಗಿ ತಾಗುವ ಕಡೆ, ಮುಳಿಹುಲ್ಲು ದಟ್ಟವಾಗಿದ್ದ ಜಾಗ ಆರಿಸಿದೆ. ಹುಲ್ಲಿಗೆ ಇಳಿಯಿತು, ಜಾರಿತು, ರೆಕ್ಕೆಯ ತುದಿ ಕೇಪುಳದ ಬುಡಕ್ಕೆ ಸಿಕ್ಕಿತು. ಹೆಬ್ಬೆರಳಿನಷ್ಟು ತಗ್ಗು. ಒತ್ತಿ ಸರಿಮಾಡಿ ಟೇಪು ಸುತ್ತಿದ್ದಾಯಿತು. ಇದಕ್ಕೇ ಮೊದಲ ಗ್ಲೈಡರ್ ಫೋಮ್‌ದೇ ಇರಲಿ ಅನ್ನುವುದು. ಫೈಬರ್‌ನದ್ದು ಎಷ್ಟು ಚಂದ ಇದ್ದರೂ ಈ ನೆಲಕ್ಕೆ ಆಗಿಬರುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋವರೆಗಿನ ಹವ್ಯಾಸದ ಮಾದರಿ ವಿಮಾನಗಳ ಮಾತೂ ಇದೆ. ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಮನೆಯಲ್ಲೇ ತೆರೆದು ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಿಕೊಳ್ಳಿ. ಜನರ ತಲೆಯ ಮೇಲೆ ಹಾರಿಸಬೇಡಿ. ಸಂಜೆ ಜನ ಜಾಸ್ತಿ, ಗಾಳಿಯೂ ಇಳಿಯುತ್ತದೆ. ಅಕ್ಟೋಬರ್, ನವೆಂಬರ್‌ನ ಗುಡುಗು ಮಳೆಯ ಲಕ್ಷಣ ಕಂಡರೆ ಆ ಬೋಳು ನೆತ್ತಿಯಲ್ಲಿ ನಿಲ್ಲಲೇಬೇಡಿ. ನೆರಳಿಲ್ಲ, ನೀರು ನೀವೇ ಒಯ್ಯಬೇಕು. ನಮ್ಮ ಹಾಗೆ ಬೆಳಿಗ್ಗೆಯೇ ಹೋಗಿ ಒಣಗುವುದು ಬೇಡ, ಊಟ ಮುಗಿಸಿಯೇ ಹತ್ತಿ.