ಎರಡು ವರ್ಷದೊಳಗಿನ ಹಸಿವು

ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿಯೇ ಅಳೆಯಬೇಕು. ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯುತ್ತಾರೆ, ಇನ್ನೊಬ್ಬರು ಮಂಡಿಯನ್ನು ಮೆಲ್ಲಗೆ ಒತ್ತಿ ಅಂಗಾಲಿಗೆ ಅಡ್ಡಪಟ್ಟಿಯನ್ನು ತಂದು ನಿಲ್ಲಿಸುತ್ತಾರೆ. ಮಗು ಅಳುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲಿ ಎರಡು ವರ್ಷ ತುಂಬಿದ ಗಂಡುಮಗುವಿನ ಮಧ್ಯಮ ಉದ್ದ 87.8 ಸೆಂ.ಮೀ.; 81.7ಕ್ಕಿಂತ ಕಡಿಮೆಯಿದ್ದರೆ ಅದು ಕುಂಠಿತ ಬೆಳವಣಿಗೆ. ಈ ಆರು ಸೆಂಟಿಮೀಟರು ಮನೆಯವರ ಕಣ್ಣಿಗೆ ಬೀಳುವುದೇ ಅಪರೂಪ, ಏಕೆಂದರೆ ಮೈಕೈ ಅಳತೆಗೆ ತಕ್ಕಂತೆಯೇ ಇರುವ ಇಂಥ ಮಗು ವಯಸ್ಸಿಗಿಂತ ಚಿಕ್ಕದಾಗಿ ಕಾಣುತ್ತದೆಯೇ ಹೊರತು ಕಾಯಿಲೆಯದೆಂದು ಅನಿಸುವುದಿಲ್ಲ. ವಂಶವೇ ಹಾಗೆ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಕುಳ್ಳಗಿರುವುದು ನನ್ನ ದೃಷ್ಟಿಯಲ್ಲಿ ಒಂದು ಕೊರತೆಯೇ ಅಲ್ಲ. ಆದರೆ ಮೂಳೆ ಬೆಳೆಯಲು ಸಾಲದಷ್ಟು ಆಹಾರ ಸಿಕ್ಕ ಆ ತಿಂಗಳುಗಳಲ್ಲಿ ಮಿದುಳೂ ಅದೇ ತಟ್ಟೆಯನ್ನೇ ನಂಬಿಕೊಂಡಿತ್ತು. ಎರಡನೆಯ ಹುಟ್ಟುಹಬ್ಬದ ಹೊತ್ತಿಗೆ ಮಿದುಳು ವಯಸ್ಕರ ಗಾತ್ರದ ಸುಮಾರು ಶೇ. 80ರಷ್ಟನ್ನು ತಲುಪಿರುತ್ತದೆ. ಈ ಅವಧಿಯಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ನರತಂತುಗಳ ಹೊದಿಕೆ ಸರಿಯಾಗಿ ಕೂಡುವುದಿಲ್ಲ. ಬಸುರಿನಲ್ಲಿ ತಾಯಿಗೆ ಅಯೋಡಿನ್ ತೀರಾ ಕಡಿಮೆಯಾದರೆ ಮಗುವಿನ ಬುದ್ಧಿಶಕ್ತಿಗೇ ಪೆಟ್ಟು ಬೀಳುತ್ತದೆ. ಇದರ ಜೊತೆಗೆ, ಹಸಿದ ಮಗು ಸುಮ್ಮನೆ ಕೂರುತ್ತದೆ. ಅಂಬೆಗಾಲಿಟ್ಟು ಹೋಗಿ ಪಾತ್ರೆ ಉರುಳಿಸುವುದಿಲ್ಲ, ಹಟ ಹಿಡಿಯುವುದಿಲ್ಲ. ತಂಟೆ ಮಾಡದ ಮಗುವಿನೊಡನೆ ದೊಡ್ಡವರ ಮಾತೂ ಕಡಿಮೆಯಾಗುವುದರಿಂದ ಕಲಿಕೆಗೆ ಎರಡು ಕಡೆಯಿಂದಲೂ ಹೊಡೆತ. ಇಂಥ ಮಗುವನ್ನು ನಾವು "ಪಾಪ, ಸಾಧು" ಎಂದು ಹೊಗಳುತ್ತೇವೆ.

ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆಂಬುದನ್ನು ಗ್ವಾಟೆಮಾಲದ ನಾಲ್ಕು ಹಳ್ಳಿಗಳು ತೋರಿಸಿವೆ. 1969ರಿಂದ 1977ರವರೆಗೆ ಎರಡು ಹಳ್ಳಿಗಳಲ್ಲಿ ಪ್ರೋಟೀನ್ ಹೆಚ್ಚಿರುವ ಗಂಜಿಯಂಥ ಪೇಯವನ್ನೂ ಉಳಿದೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನೀಯವನ್ನೂ ಕೊಡಲಾಯಿತು. ಮೊದಲೆರಡು ವರ್ಷಗಳಲ್ಲಿ ಆ ಗಂಜಿ ಸಿಕ್ಕಿದ್ದ ಗಂಡುಮಕ್ಕಳು ದೊಡ್ಡವರಾದಾಗ ಅವರ ಗಂಟೆಯ ಗಳಿಕೆ ಸುಮಾರು ಶೇ. 46ರಷ್ಟು ಹೆಚ್ಚಿತ್ತು, ಹೆಣ್ಣುಮಕ್ಕಳು ಒಂದು ತರಗತಿಗೂ ಹೆಚ್ಚು ಓದಿದ್ದರು. ಮೂರು ವರ್ಷ ದಾಟಿದ ಮೇಲೆ ಕುಡಿದವರ ಗಳಿಕೆಯಲ್ಲಿ ಅಂಥ ಏರಿಕೆ ಕಾಣಲಿಲ್ಲ. (ಹೆಂಗಸರ ಓದು ಸಂಬಳವಾಗಿ ಏಕೆ ತಿರುಗಲಿಲ್ಲ ಎಂಬುದು ಬೇರೆಯೇ ಕಥೆ.)

ಹಾಗೆಂದು ಎರಡು ವರ್ಷಕ್ಕೆ ಬಾಗಿಲು ಮುಚ್ಚಿತೆಂದು ಕೈಚೆಲ್ಲುವವರ ಮಾತನ್ನು ನಾನು ಒಪ್ಪುವುದಿಲ್ಲ. ಜಮೈಕಾದಲ್ಲಿ 1980ರ ದಶಕದಲ್ಲಿ, ಬೆಳವಣಿಗೆ ಕುಂಠಿತವಾಗಿದ್ದ 9ರಿಂದ 24 ತಿಂಗಳ ಕೆಲವು ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಮಗುವಿನೊಡನೆ ಆಡುವುದನ್ನೂ ಮಾತನಾಡುವುದನ್ನೂ ತಾಯಂದಿರಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷಗಳ ನಂತರ, ಈ ಆಟಪಾಠ ಸಿಕ್ಕಿದ್ದವರ ಗಳಿಕೆ ಅದು ಸಿಗದಿದ್ದ ಕುಂಠಿತ ಮಕ್ಕಳಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಅವರು ಬಳಸಿದ್ದ ಆಟಿಕೆಗಳು ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಮಾಡಿದಂಥವು.