ಪಟ್ಟಿಯ ಇನ್ನರ್ಧ

ಬೆಳಿಗ್ಗೆ ಶಿವಮೊಗ್ಗ ಕೋರ್ಟಿಗೆ ಹೊರಟಿದ್ದೆ. ಹೊರಗೆ ಜಡಿಮಳೆ. ಅಮ್ಮ ಮಾತ್ರೆ ಹಿಡಿದು ಬಂದರು. "ಡೇಟ್ ಮುಗಿದಿದೆಯಾ ನೋಡೋ."

ನಾಲ್ಕೇ ಮಾತ್ರೆ. ಅಂಗಡಿಯಲ್ಲಿ ಮಾತ್ರೆಯ ಪಟ್ಟಿಯಿಂದ ಕತ್ತರಿಯಲ್ಲಿ ಕತ್ತರಿಸಿ ಕೊಟ್ಟಿದ್ದು. ಕೆಂಪು ಗೆರೆ ಇದೆ, ಕಂಪನಿ ಹೆಸರು ಅರ್ಧ ಇದೆ. ತಿಂಗಳು, ವರ್ಷ ಮಾತ್ರ ಅಂಗಡಿಯ ಡಬ್ಬದಲ್ಲೇ ಉಳಿದಿರಬೇಕು.

ಔಷಧ ಕಂಪನಿಗಳ ಪರ ವಾದಿಸೋದೇ ನನ್ನ ಹೊಟ್ಟೆಪಾಡು. "ಸ್ವಾಮಿ, ಪಟ್ಟಿಯ ಮೇಲೆ ಎಲ್ಲಾ ಅಚ್ಚಾಗಿದೆ" ಅಂತ ಎಷ್ಟು ಸಲ ಹೇಳಿದ್ದೇನೋ! (ಬೈಬೇಡಿ, ಅಚ್ಚಾಗಿರೋದು ನಿಜವೇ.)

ಅಭ್ಯಾಸ ಬಲ ನೋಡಿ, ಅಮ್ಮನಿಗೂ ಶುರು ಮಾಡಿದೆ: 2019ರ ಗ್ರಾಹಕ ಕಾಯ್ದೆ, 86ನೇ ಕಲಂ, ತಯಾರಕರ ಎಚ್ಚರಿಕೆ, ಸೂಚನೆ ದಾಟಿಸದಿದ್ದರೆ ಮಾರಿದವರ ಹೊಣೆ...

ಅಮ್ಮ ನೀರಿನ ಲೋಟ ಹಿಡಿದು ಅಲ್ಲೇ ನಿಂತಿದ್ದರು.

"ಅದೆಲ್ಲಾ ಇರ್ಲಿ. ಈಗ ನುಂಗ್ಲಾ, ಬೇಡ್ವಾ?"