ಬೆಲ್ಪರ್ ಗಿರಣಿ, ದುಬಾರಿ ಅಟ್ಟ ಮತ್ತು ಓಟ್ಸ್ ದೋಸೆ

ಇಂಗ್ಲೆಂಡಿನ ಬೆಲ್ಪರ್ ಎಂಬ ಊರಿನ ಹಳೆಯ ಹತ್ತಿ ಗಿರಣಿ ನೋಡಲು ಹೋಗುವುದಾದರೆ, ‘ಗಿರಣಿ ಕಾರ್ಮಿಕರ ಹಳೆಯ ಮನೆಯಲ್ಲಿ ಉಳಿದುಕೊಳ್ಳಿ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ನಾನೂ ಹೆಂಡತಿಯೂ ಮರುಳಾದೆವು. ರಾತ್ರಿಗೆ 135 ಪೌಂಡ್, ಅದರ ಮೇಲೆ ಶುಚಿ ಮಾಡುವ ಶುಲ್ಕವೆಂದು 40, ವಾರಾಂತ್ಯವಾದರೆ ಕನಿಷ್ಠ ಎರಡು ರಾತ್ರಿ. ಚಿತ್ರದಲ್ಲಿ ಕಲ್ಲಿನ ಗೋಡೆ, ಕಿಟಕಿಯಲ್ಲಿ ಹೂಕುಂಡ ಎಲ್ಲ ಇತ್ತು, ಮೆಟ್ಟಿಲು ಮಾತ್ರ ಇರಲಿಲ್ಲ. ಹೋಗಿ ನೋಡಿದರೆ ಅದು ಮಲಗುವ ಅಟ್ಟಕ್ಕೆ ಹಾಕಿದ ಏಣಿ, ಹಿಡಿದುಕೊಳ್ಳಲು ಒಂದು ಹಗ್ಗ. ನಮ್ಮ ಸೂಟ್‌ಕೇಸ್ ಎರಡು ದಿನವೂ ಅಡುಗೆಮನೆಯಲ್ಲೇ ಉಳಿಯಿತು. ತೊಲೆಗೆ ನನ್ನ ಹಣೆ ಮೂರು ಸಲ ಬಡಿಯಿತು. ಶೌಚಾಲಯ ಕೆಳಗೆ. ಅರವತ್ತು ದಾಟಿದವರಿಗೆ ನಡುರಾತ್ರಿ ಆ ಹಗ್ಗವೇ ಗತಿ. ಮಾಲೀಕರಿಗೆ ಬರೆದರೆ ‘ಹಳೆಯ ಮನೆಯ ಸೊಗಸೇ ಅದು’ ಎಂದು ಉತ್ತರ ಬಂತು. ನೀವು ಹತ್ತಿರದ ಡರ್ಬಿ ನಗರದಲ್ಲಿ ಉಳಿದುಕೊಳ್ಳಿ. ಅಲ್ಲಿಂದ ಮ್ಯಾಟ್ಲಾಕ್ ಕಡೆಯ ರೈಲು ಹತ್ತು ಹನ್ನೆರಡು ನಿಮಿಷದಲ್ಲಿ ಬೆಲ್ಪರ್ ತಲುಪಿಸುತ್ತದೆ.

ಗಿರಣಿ ನೋಡಲು ಇಷ್ಟು ದೂರವೇಕೆ ಎಂದು ಮಗನೂ ಕೇಳಿದ. ನನ್ನ ಅಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು. ಆಗ ನಮ್ಮೂರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತು. ಹಾಗಿದ್ದರೆ ಮ್ಯಾಂಚೆಸ್ಟರ್‌ಗೇ ಹೋಗಬಹುದಿತ್ತಲ್ಲ ಎನ್ನಬಹುದು. ಅಲ್ಲಿಗೂ ಹೋಗಿದ್ದೆ. ಅಲ್ಲಿನ ಆನ್‌ಕೋಟ್ಸ್ ಬಡಾವಣೆಯ ಹಳೆಯ ಗಿರಣಿಗಳಲ್ಲಿ ಈಗ ಫ್ಲ್ಯಾಟ್‌ಗಳು, ಸುತ್ತಲೂ ಕಾಫಿ ಅಂಗಡಿಗಳು, ಕಾಲಿಡಲಾಗದಷ್ಟು ಜನ. ಜನಜಂಗುಳಿ ನನಗೆ ಆಗಿಬರುವುದಿಲ್ಲ.

ಬೆಲ್ಪರ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು 1912ರ ಏಳಂತಸ್ತಿನ ಕೆಂಪು ಇಟ್ಟಿಗೆಯ ಪೂರ್ವ ಗಿರಣಿ. ಎಲ್ಲರೂ ಅದರ ಫೋಟೊ ತೆಗೆದು ಹೊರಟುಬಿಡುತ್ತಾರೆ. ನೋಡಬೇಕಾದದ್ದು ಅದರ ಪಕ್ಕದಲ್ಲಿ ಚಿಕ್ಕದಾಗಿ ಕಾಣುವ ಉತ್ತರ ಗಿರಣಿ. ಗಿರಣಿಗಳ ಒಡೆಯ ಜೆಡಿಡಯಾ ಸ್ಟ್ರಟ್ 1786ರಲ್ಲಿ ಕಟ್ಟಿಸಿದ್ದು 1803ರಲ್ಲಿ ಸುಟ್ಟುಹೋಯಿತು. ಮರದ ನೆಲ ಯಂತ್ರದ ಎಣ್ಣೆ ಕುಡಿದಿರುತ್ತದೆ, ಗಾಳಿಯಲ್ಲೆಲ್ಲ ಹತ್ತಿಯ ಹಿಂಜು, ಬೆಳಕಿಗೆ ದೀಪ. ಕಿಡಿಯೊಂದು ಸಾಕು. ಅಪ್ಪ ಪಾಳಿ ಮುಗಿಸಿ ಬಂದಾಗ ಹುಬ್ಬಿನ ಮೇಲೆಲ್ಲ ಬಿಳಿಯ ಹಿಂಜು ಕೂತಿರುತ್ತಿತ್ತು. ಅದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟ್ರಟ್‌ನ ಮಗ ವಿಲಿಯಂ 1804ರಲ್ಲಿ ಮರವನ್ನು ಬಿಟ್ಟು ಎರಕದ ಕಬ್ಬಿಣದ ಕಂಬ, ತೊಲೆ, ನಡುವೆ ಇಟ್ಟಿಗೆಯ ಕಮಾನು ಹಾಕಿ ಮತ್ತೆ ಕಟ್ಟಿದ. ಅದು ಇಂದಿಗೂ ನಿಂತಿದೆ. ಒಳಗೆ ಬಿಡುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ. ನಾನು ವಿಚಾರಿಸದೆ ಹೋಗಿ ಹೊರಗೇ ಉಳಿದೆ.

ಹೊರಗುಳಿದದ್ದರಿಂದಲೇ ಇನ್ನೊಂದು ಕಂಡಿತು. ರಸ್ತೆಯ ಮೇಲೆ ಅಡ್ಡಲಾಗಿ, ಗಿರಣಿಗೆ ಸೇರಿದ ಕಲ್ಲಿನ ಕಮಾನು ಸೇತುವೆಯಿದೆ. ಕೆಳಗೆ ನಿಂತು ಕತ್ತೆತ್ತಿದರೆ ಗೋಡೆಯಲ್ಲಿ ಅಂಗೈಯಷ್ಟು ಕಂಡಿಗಳು. ಗಾಳಿಗಾಗಿ ಬಿಟ್ಟಿರಬೇಕು ಎಂದುಕೊಂಡೆ. ಬಂದೂಕಿಗಂತೆ! ಯಂತ್ರಗಳನ್ನು ಒಡೆಯಲು ದಂಗೆಕೋರರು ಬಂದರೆ ಮೇಲಿನಿಂದ ಗುಂಡು ಹಾರಿಸಲು. ಇದೇ ಸ್ಟ್ರಟ್ ಮನೆತನ ಕಾರ್ಮಿಕರಿಗೆ ಗಟ್ಟಿಮುಟ್ಟಾದ ಮನೆಗಳನ್ನೂ ಕಟ್ಟಿಸಿತು. ಆ ಬೀದಿಗಳಿಗೆ ವಿಲಿಯಂ, ಜಾರ್ಜ್, ಜೋಸೆಫ್ ಎಂದು ಸ್ಟ್ರಟ್‌ನ ಮೂವರು ಮಕ್ಕಳ ಹೆಸರು. ಕಮಾನಿನ ಕೆಳಗೆ ಕಾಲುದಾರಿ ಕಿರಿದು, ಲಾರಿಗಳು ಭುಜ ಸವರಿಕೊಂಡೇ ಹೋಗುತ್ತವೆ, ಜೋಕೆ.

ಸ್ಟ್ರಟ್ ಬಳಿ ಕೆಲಸ ಕಲಿತ ಸ್ಯಾಮ್ಯುಯೆಲ್ ಸ್ಲೇಟರ್ 1789ರಲ್ಲಿ ಅಮೆರಿಕಕ್ಕೆ ಹೋಗಿ, ನೂಲುವ ಯಂತ್ರದ ಮರ್ಮವನ್ನೆಲ್ಲ ಅಲ್ಲಿ ಬಿಚ್ಚಿಟ್ಟ. ಅಮೆರಿಕದವರಿಗೆ ಅವನು ಕೈಗಾರಿಕೆಯ ಪಿತಾಮಹ, ಬೆಲ್ಪರ್‌ನವರಿಗೆ ದ್ರೋಹಿ.

ಅದೇ ರೈಲು ಮಾರ್ಗದಲ್ಲಿ ಮುಂದೆ ಕ್ರಾಮ್‌ಫರ್ಡ್ ಸಿಗುತ್ತದೆ. ನೂಲುವ ಯಂತ್ರ ರೂಪಿಸಿದ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ಹತ್ತಿ ನೂಲಲು ತೊಡಗಿದ್ದು ಅಲ್ಲೇ. ಸೀಸದ ಗಣಿಯಿಂದ ಹರಿದುಬರುವ ನೀರು ಚಳಿಗಾಲದಲ್ಲೂ ಹೆಪ್ಪುಗಟ್ಟುತ್ತಿರಲಿಲ್ಲ, ಅದಕ್ಕೇ ಅವನು ಆ ಜಾಗ ಆರಿಸಿಕೊಂಡದ್ದು. ಭಾನುವಾರ ಮಾತ್ರ ಆ ಕಡೆ ಸುಳಿಯಬೇಡಿ. ಪಕ್ಕದ ಮ್ಯಾಟ್ಲಾಕ್ ಬಾತ್‌ನಲ್ಲಿ ಮೋಟಾರ್ ಬೈಕ್‌ಗಳ ಜಾತ್ರೆ.

ಇನ್ನು ಊಟದ ವಿಷಯ. ಬೆಲ್ಪರ್‌ನ ಅಡ್ಡಬೀದಿಯಲ್ಲಿ ಐದು ಮೇಜಿನ ಒಂದು ಉಪಾಹಾರ ಗೃಹ. ಫಲಕದ ಮೇಲೆ ‘ಡರ್ಬಿಶೈರ್ ಓಟ್‌ಕೇಕ್’ ಎಂದಿತ್ತು. ಬಿಸ್ಕತ್ತು ಬರುತ್ತದೆಂದು ಕೂತಿದ್ದರೆ ಬಂದದ್ದು ಸಾಕ್ಷಾತ್ ದೋಸೆ! ಓಟ್ಸ್ ಹಿಟ್ಟನ್ನು ಹುದುಗಿಸಿ ಕಾವಲಿಯ ಮೇಲೆ ಹೊಯ್ದದ್ದು. ಮೇಲೆಲ್ಲ ಸಣ್ಣ ಸಣ್ಣ ತೂತು, ನಮ್ಮ ಸೆಟ್ ದೋಸೆಯಂತೆ ಮೆತ್ತಗೆ. ಒಳಗೆ ಚೀಸ್, ಅಣಬೆ. ನಾಲ್ಕೂವರೆ ಪೌಂಡ್‌ಗೆ ಎರಡು. ಆ ಕಾವಲಿಯ ಮೇಲೆಯೇ ಹಂದಿಮಾಂಸವನ್ನೂ ಹುರಿಯುತ್ತಾರೆ, ಆದ್ದರಿಂದ ಸಸ್ಯಾಹಾರಿಗಳು ಮೊದಲೇ ಹೇಳಬೇಕು. ನಾವು ಹೇಳಿದ್ದಕ್ಕೆ ಅಂಗಡಿಯಾಕೆ ಬೇರೆ ಬಾಣಲೆಯನ್ನೇ ತೊಳೆದು ತಂದರು. ನನ್ನ ಹೆಂಡತಿಯನ್ನು ‘ಮಿ ಡಕ್’ ಎಂದು ಕರೆದರು. ಬಾತುಕೋಳಿ ಎನ್ನುತ್ತಾರಲ್ಲ ಎಂದು ಇವಳ ಮುಖ ಸಣ್ಣದಾಯಿತು. ಆ ಸೀಮೆಯಲ್ಲಿ ಅದು ನಮ್ಮ ‘ಕಣಮ್ಮ’ ಇದ್ದಂತೆ ಎಂದು ಮಗ ಬಿಡಿಸಿ ಹೇಳಿದ ಮೇಲೆ ಮರುದಿನವೂ ಅಲ್ಲಿಗೇ ಹೋಗೋಣ ಎಂದಳು. ಬೆಣ್ಣೆ ದೋಸೆಯ ಊರಿನವಳ ಮೆಚ್ಚುಗೆ ಎಂದರೆ ಸುಮ್ಮನೆಯೇ? ಎರಡನೆಯ ದಿನ ಚೀಸ್ ಬೇಡವೆಂದು, ಬರೀ ಬೆಣ್ಣೆ ಸವರಿಸಿಕೊಂಡು, ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ಆಕೆಯೂ ಒಂದು ಚೂರು ಅದ್ದಿ ನೋಡಿ ನೀರು ಕುಡಿದರು. ಚಟ್ನಿಪುಡಿ ಮರೆಯದೆ ಒಯ್ಯಿರಿ.